ಪಟ್ಟ, ತೊಡರು, ಮೀಸೆ: ವೀರಗಲ್ಲಿನಿಂದ ವೆಲ್ಲೂರಿನವರೆಗೆ ಸೈನಿಕನ ವೇಷ

ವೀರಗಲ್ಲು ಕಂಡ ಕೂಡಲೇ ನಮ್ಮಂಥವರ ಕಣ್ಣು ಅಕ್ಷರ ಹುಡುಕುತ್ತದೆ. ಎರಡು ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ನಾಲ್ಕು ಸಾಲು ಸಿಕ್ಕರೆ ಖುಷಿ, ಪಡಿಯಚ್ಚು ತೆಗೆದುಕೊಂಡು ಬರುತ್ತೇವೆ. ಸಿಗದಿದ್ದರೆ ಟಿಪ್ಪಣಿ ಪುಸ್ತಕದಲ್ಲಿ 'ಅಕ್ಷರರಹಿತ ವೀರಗಲ್ಲು, ಸುಮಾರು 12ನೇ ಶತಮಾನ' ಅಂತ ಒಂದು ಸಾಲು ಗೀಚಿ ಮುಂದಿನ ಊರಿಗೆ ಹೊರಡೋದು. ಸರಿ, ಅಕ್ಷರವೇ ಇಲ್ಲದ ಕಲ್ಲಿಗೆ ಆ 12ನೇ ಶತಮಾನ ಬಂದದ್ದು ಎಲ್ಲಿಂದ? ಹೆಚ್ಚಿನ ಸಲ ವೀರನ ತುರುಬಿನಿಂದ. ಅದು ನೆತ್ತಿಯ ಮೇಲಿದೆಯೋ, ಪಕ್ಕಕ್ಕೆ ವಾಲಿದೆಯೋ. ನಡುಕಟ್ಟು ಹೇಗಿದೆ, ಕಠಾರಿ ಎಲ್ಲಿ ಸಿಕ್ಕಿಸಿದೆ, ಕಾಲಲ್ಲಿ ಏನಿದೆ. ಸೈನಿಕನ ವೇಷವೇ ಅಲ್ಲಿ ನಮಗೆ ಲಿಪಿ.

ಈ ವೇಷವನ್ನು ಕಾಲ ಗೊತ್ತುಮಾಡುವುದಕ್ಕೆ ಮಾತ್ರ ಬಳಸಿ ಬಿಟ್ಟುಬಿಡುತ್ತೇವೆ ಅನ್ನೋದು ನನ್ನ ತಕರಾರು. ಅದನ್ನು ಗೊತ್ತುಮಾಡಿದವರು ಯಾರು? ಯಾರು ನೋಡಲಿ ಅಂತ ಅವನು ಹಾಗೆ ಕೂದಲು ಕಟ್ಟಿದ? ಈ ಪ್ರಶ್ನೆ ಸುಮ್ಮನೆ ಕುತೂಹಲದ್ದಲ್ಲ. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ನೂರಾರು ಜನ ಸತ್ತದ್ದರ ಹಿಂದೆ ಒಂದು ಪೇಟ, ಗಡ್ಡ, ಕಿವಿಯ ಒಂಟಿ, ಹಣೆಯ ನಾಮ ಇದ್ದವು. ಆ ಘಟನೆಯನ್ನು ಇತಿಹಾಸಕಾರರು ಬಹಳ ಬರೆದಿದ್ದಾರೆ. ಶಾಸನ ಓದುವವರ ಕಡೆಯಿಂದ ಅದನ್ನು ನೋಡಿದರೆ ಏನು ಕಾಣುತ್ತೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಲೆಯಿಂದ ಶುರು ಮಾಡೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ದೊಡ್ಡ ಕಲ್ಲು ಇದೆ. ಆನೆ, ಕುದುರೆ, ಬಿಲ್ಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದಿರುವ ಆ ಯುದ್ಧದ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು. ಗಂಗರ ಎರೆಯಪ್ಪನ ಕಾಲದ್ದು. ಬೀರಮಹೇಂದ್ರನ ವಿರುದ್ಧ ಅಯ್ಯಪದೇವನ ಸಹಾಯಕ್ಕೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗ ಅನ್ನುವವನಿಗೆ 'ನಾಗತ್ತರ ಪಟ್ಟ'ವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಅಂದರೆ ಇಂದಿನ ಬೇಗೂರೇ.

ಪಟ್ಟ ಅಂದ ಕೂಡಲೇ ನಮಗೆ ಸಿಂಹಾಸನ ನೆನಪಾಗುತ್ತದೆ. ಆದರೆ ಮೂಲದಲ್ಲಿ ಅದು ಹಣೆಗೆ ಕಟ್ಟುವ ಪಟ್ಟಿ. ಅದಕ್ಕೇ ಕನ್ನಡದಲ್ಲಿ ಪಟ್ಟ 'ಕೊಡುವುದಕ್ಕಿಂತ' 'ಕಟ್ಟುವುದು' ಹೆಚ್ಚು. ಒಬ್ಬ ಸತ್ತ, ಅವನ ಹೆಸರಿನ ಪಟ್ಟಿ ಇನ್ನೊಬ್ಬನ ಹಣೆಗೆ ಏರಿತು. ಊರು, ಭೂಮಿ, ಹೊಣೆ ಎಲ್ಲ ಅದರ ಹಿಂದೆ ಬಂತು. ಇಂಥ ತಲೆಯ ಮೇಲೆ ಏನು ಇರಬೇಕು ಅನ್ನೋದು ಬಟ್ಟೆಯ ವಿಷಯವಾಗಿ ಉಳಿಯೋದಿಲ್ಲ.

ಇನ್ನು ಕಾಲು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಕಂಬವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಲಕ್ಷ್ಮ ಒಡೆಯನ ಸಲುವಾಗಿ ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಆಳುಗಳ ಸಮೇತ ಪ್ರಾಣ ಬಿಟ್ಟವನು. ಗರುಡರು ಅಂತ ಕರೆಯುವುದು ಇಂಥವರನ್ನೇ. ಅವರ ಗುರುತು ಎಡಗಾಲಿನ ತೊಡರು. ಈ ಪದವನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ನೋಡಿ. ತೊಡರು ಅಂದರೆ ಕಾಲಿಗೆ ಹಾಕುವ ಬಿರುದಿನ ಬಳೆ. ತೊಡರು ಅಂದರೆ ಸಂಕೋಲೆ, ಕಾಲಿಗೆ ಸಿಕ್ಕಿಕೊಳ್ಳುವುದು. ಒಡವೆ ಮತ್ತು ಬೇಡಿಗೆ ಒಂದೇ ಮಾತು! ಅದನ್ನು ಹಾಕಿಕೊಂಡವನು ಬೀದಿಯಲ್ಲಿ ನಡೆದರೆ, ಇವನು ತನ್ನ ಸಾವನ್ನು ಒಬ್ಬರಿಗೆ ಕೊಟ್ಟಾಗಿದೆ ಅಂತ ಊರಿಗೆಲ್ಲ ಗೊತ್ತು. ಆ ಕಂಬದ ಮೇಲೆ ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಆಳುಗಳ ಶಿಲ್ಪ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಕೂದಲಿನ ಮಾತು ಬಂದರೆ ಸಿಡಿತಲೆಯ ಕಲ್ಲುಗಳನ್ನು ಬಿಡುವಂತಿಲ್ಲ. ಬಾಗಿಸಿದ ಗಳುವಿಗೆ ಕೂದಲನ್ನು ಕಟ್ಟಿ, ಕತ್ತು ಕಡಿದ ಕೂಡಲೇ ತಲೆ ಮೇಲಕ್ಕೆ ಸಿಡಿಯುವ ಹಾಗೆ ಮಾಡಿಕೊಂಡ ಹರಕೆ ಅದು. ಉದ್ದ ಕೂದಲಿಲ್ಲದವನಿಗೆ ಅದು ಆಗುವ ಕೆಲಸವಲ್ಲ.

ಮೀಸೆಗೂ ಶಾಸನದಲ್ಲಿ ಜಾಗ ಇದೆ. ಸಾಳುವ ಅರಸರ ಬಿರುದಾವಳಿಯಲ್ಲಿ 'ಮೇದಿನೀ ಮೀಸರಗಂಡ ಕಠಾರಿ ಸಾಳುವ' ಅನ್ನುವುದು ಓದುಗರಿಗೆ ಪರಿಚಿತ. ಭೂಮಿಯ ಮೇಲೆ ಮೀಸೆ ಹೊತ್ತವರಿಗೆಲ್ಲ ಗಂಡ ಅಂತ ಅದರ ತಾತ್ಪರ್ಯ. 1485ರಲ್ಲಿ ವಿಜಯನಗರದ ಸಿಂಹಾಸನ ಏರಿದ ಸಾಳುವ ನರಸಿಂಹನ ನೆಲೆ ಚಂದ್ರಗಿರಿ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ವೆಲ್ಲೂರು. ಎದುರಾಳಿಯ ಪೌರುಷವನ್ನು ಅವನ ಮೀಸೆಯಲ್ಲಿ ಎಣಿಸುತ್ತಿದ್ದ ಸೀಮೆ ಅದು.

ಇವೆಲ್ಲ ಬೇರೆ ಬೇರೆ ಕಾಲದವು. ಒಂದೇ ದಾರದಲ್ಲಿ ಪೋಣಿಸುವಾಗ ಎಚ್ಚರ ಬೇಕು, ಒಪ್ಪುತ್ತೇನೆ. ಆದರೂ ನಾನು ನೋಡಿದ ವೀರರ ಶಾಸನಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ. ಒಡೆಯ ಆಳಿಗೆ ಏನನ್ನೋ ಕಟ್ಟಿದ, ತೊಡಿಸಿದ, ಮೆಚ್ಚಿ ಕೊಟ್ಟ ಅಂತ ಬರುತ್ತದೆ. ಇದನ್ನು ಬೋಳಿಸು, ಅದನ್ನು ಒರೆಸು, ಇದನ್ನು ತೆಗೆ ಅಂತ ಬರುವುದಿಲ್ಲ. ಆತಕೂರಿನ ಶಾಸನ (ಕ್ರಿ.ಶ. 949-50) ನೆನಪಿಸಿಕೊಳ್ಳಿ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಬೇಕಾದ್ದನ್ನು ಕೇಳು ಅಂದರೆ ಅವನು ಕಾಳಿ ಎಂಬ ನಾಯಿಯನ್ನು ಕೇಳಿದ! ಆಳಿಗೂ ಒಡೆಯನಿಗೂ ನಡುವೆ ಹೀಗೆ ಕೇಳಿ ಕೊಡುವ ವ್ಯವಹಾರ ಇತ್ತು. ಚಿದಾನಂದಮೂರ್ತಿಯವರು ವೇಳೆವಾಳಿ, ಜೋಳದಪಾಳಿ, ಲೆಂಕ ಮುಂತಾದವನ್ನು ವಿವರಿಸುವಾಗ ತೋರಿಸಿಕೊಟ್ಟದ್ದು ಈ ಋಣದ ಲೆಕ್ಕವನ್ನೇ. ಕಲ್ಲು ನಿಲ್ಲುವುದು ಬಹಳ ಸಲ ವೀರನ ಊರಿನಲ್ಲಿ, ಅವನ ಕಡೆಯವರು ನಿಲ್ಲಿಸಿದ್ದು. ಅವನು ಹೇಗೆ ಕಾಣಬೇಕು ಅನ್ನುವ ಕೊನೆಯ ತೀರ್ಮಾನ ಆ ಊರಿನದು.

ತಕ್ಕೋಲ ಇರುವುದು ಅರಕ್ಕೋಣಂ ಹತ್ತಿರ. ವೆಲ್ಲೂರಿಗೆ ಅದು ಅಷ್ಟೇನೂ ದೂರವಲ್ಲ. ಮಣಲೇರನಿಗೆ ನಾಯಿ ಸಿಕ್ಕ ಎಂಟೂವರೆ ಶತಮಾನಗಳ ಮೇಲೆ ಅದೇ ಸೀಮೆಗೆ ಇನ್ನೊಂದು ಸೈನ್ಯ ಬಂತು. ಅದಕ್ಕೆ ಸಂಬಳ, ಪಿಂಚಣಿ, ನಂಬರು, ಅಚ್ಚಾದ ನಿಯಮಾವಳಿ ಇತ್ತು.

ಮದ್ರಾಸ್ ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್. ಬೇರೆ ಬೇರೆ ಪಟಾಲಂಗಳಲ್ಲಿ ಬೇರೆ ಬೇರೆ ಪದ್ಧತಿ ಇದೆ, ಎಲ್ಲವನ್ನೂ ಒಂದು ಪುಸ್ತಕಕ್ಕೆ ತರಬೇಕು ಅಂತ ಆತನ ಆಸೆ. 1805ರ ನವೆಂಬರಿನಲ್ಲಿ ಹೊಸ ನಮೂನೆಯ ಪೇಟಕ್ಕೆ ಒಪ್ಪಿಗೆ ಸಿಕ್ಕಿತು. 1806ರ ಮಾರ್ಚಿನಲ್ಲಿ ನಿಯಮಾವಳಿ ಹೊರಬಂತು. ಅದರ 11ನೇ ಭಾಗದ 10ನೇ ಕಂಡಿಕೆಯ ಸಾರಾಂಶ ಇದು: ಸಮವಸ್ತ್ರದಲ್ಲಿರುವಾಗ ಸಿಪಾಯಿ ಮುಖದ ಮೇಲೆ ಜಾತಿಯ ಗುರುತು ಹಚ್ಚಬಾರದು, ಕಿವಿಗೆ ಒಂಟಿ ಹಾಕಬಾರದು, ಕವಾಯತಿಗೂ ಕೆಲಸಕ್ಕೂ ಬರುವಾಗ ಗಲ್ಲ ಬೋಳಿಸಿರಬೇಕು, ಮೇಲ್ದುಟಿಯ ಕೂದಲಿನ ಪ್ರಮಾಣ ಮತ್ತು ಆಕಾರ ಆದಷ್ಟೂ ಎಲ್ಲರದ್ದೂ ಒಂದೇ ಥರ ಇರಬೇಕು.

ಮೇದಿನಿಯ ಮೀಸೆಗಳಿಗೆಲ್ಲ ಒಂದೇ ಅಳತೆ. ಸಾಳುವರಿಗೂ ಹೊಳೆಯದ ಉಪಾಯ!

ತಮಾಷೆ ಹಾಗಿರಲಿ, ಈ ಕಂಡಿಕೆ ಹುಟ್ಟಿದ ರೀತಿ ನೋಡಬೇಕು. ಕ್ರಾಡಕ್‌ನ ಕಚೇರಿಯಲ್ಲಿ ಅಗ್ನ್ಯೂ ಮತ್ತು ಪಿಯರ್ಸ್ ಎಂಬ ಅಧಿಕಾರಿಗಳು ಕರಡು ತಯಾರಿಸಿದರು. ಹಳೆಯ ನಿಯಮಗಳನ್ನೇ ಒಟ್ಟುಮಾಡಿದ್ದು ಅನ್ನುವ ತಿಳುವಳಿಕೆಯಲ್ಲಿ ಕಾಗದ ಮೇಲೆ ಹೋಯಿತು. ಗವರ್ನರ್ ವಿಲಿಯಂ ಬೆಂಟಿಂಕ್ ಮತ್ತು ಅವನ ಕೌನ್ಸಿಲ್ ಅದನ್ನು ಬಿಡಿಸಿ ನೋಡದೆ ಒಪ್ಪಿಕೊಂಡಿತು. ಕೆಲವು ಪಟಾಲಂಗಳಲ್ಲಿ ಗಡ್ಡ ಬೋಳಿಸುವ, ನಾಮ ಒರೆಸುವ ರೂಢಿ ಮೊದಲೇ ಇತ್ತು ಅನ್ನುವುದೂ ನಿಜ. ರೂಢಿಯಲ್ಲಿದ್ದಾಗ ಅದು ಸುಬೇದಾರನಿಗೂ ಸಿಪಾಯಿಗೂ ನಡುವಿನ ಹೊಂದಾಣಿಕೆ. ಒಬ್ಬ ವಿಭೂತಿಯನ್ನು ತೆಳ್ಳಗೆ ಮಾಡಿಕೊಂಡ, ಇನ್ನೊಬ್ಬ ಗಡ್ಡವನ್ನು ಸಣ್ಣಗೆ ಕತ್ತರಿಸಿಕೊಂಡ, ನಡೀತಿತ್ತು. ಅಚ್ಚಾದ ಮೇಲೆ ಅದು ಸರ್ಕಾರದ ಮಾತು. ಶಾಸನ ಓದುವವರಿಗೆ ಈ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ವಾಡಿಕೆಯಾಗಿದ್ದ ತೆರಿಗೆ ಕಲ್ಲಿಗೇರಿದ ದಿನ ಬೇರೆಯೇ ಆಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಪೇಟ. ಹೆಸರಿಗೆ ಪೇಟ, ನೋಡೋಕೆ ಟೋಪಿ. ತೊಗಲಿನ ಬಿಲ್ಲೆ, ಮೇಲೊಂದು ಕುಚ್ಚು. ತೊಗಲು ಯಾವ ಪ್ರಾಣಿಯದು ಅನ್ನುವ ಅನುಮಾನ ಹಿಂದೂಗಳಿಗೂ ಮುಸ್ಲಿಮರಿಗೂ ಒಟ್ಟಿಗೇ ಬಂತು. ಎದೆಯ ಮೇಲೆ ತೊಡಬೇಕಾಗಿದ್ದ, ಬಂದೂಕಿನ ತಿರುಪು ಬಿಚ್ಚುವ ಸಣ್ಣ ಸಾಧನ ಶಿಲುಬೆಯ ಹಾಗೆ ಕಂಡಿತು. ಇವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ವಿವರ: ಹೊಸ ಪೇಟ ಪಟಾಲಂನ ತಮಟೆಯವರು, ಅಂದರೆ ಡ್ರಮ್ ಬಾರಿಸುವವರು ಹಾಕುತ್ತಿದ್ದ ಟೋಪಿಯ ಹಾಗಿತ್ತು. ಆ ಕೆಲಸದಲ್ಲಿ ಹೆಚ್ಚಾಗಿ ಇದ್ದವರು ಕ್ರೈಸ್ತರು, ಮಿಶ್ರ ಸಂತತಿಯವರು, ಅಸ್ಪೃಶ್ಯರೆಂದು ಊರು ದೂರ ಇಟ್ಟವರು. ಸಿಪಾಯಿಯ ಸಿಟ್ಟಿನಲ್ಲಿ ಫಿರಂಗಿಯ ಭಯದ ಜೊತೆ ಜಾತಿಯ ಸೊಕ್ಕೂ ಇತ್ತು. ಇದನ್ನು ಮುಚ್ಚಿಟ್ಟು ವೆಲ್ಲೂರಿನ ಕಥೆ ಹೇಳೋದು ಸರಿಯಲ್ಲ. ಇನ್ನು ಕಿವಿಯ ಒಂಟಿ: ಅದು ಹಿಂದೂಗಳದ್ದು ಮಾತ್ರ ಅಂತ ಅಂದುಕೊಳ್ಳಬೇಡಿ. ಕೆಲವು ಮುಸ್ಲಿಂ ಮನೆಗಳಲ್ಲಿ ಮಗುವನ್ನು ಒಬ್ಬ ಪೀರರ ಹೆಸರಿಗೆ ಒಪ್ಪಿಸಿ ತಂದೆ ಹಾಕಿಸಿದ ಹರಕೆಯ ಗುರುತು ಅದು.

ಮೇ ತಿಂಗಳಲ್ಲಿ ವೆಲ್ಲೂರಿನಲ್ಲಿದ್ದ 4ನೇ ರೆಜಿಮೆಂಟಿನ 2ನೇ ಪಟಾಲಂ ಹೊಸ ಪೇಟ ಹಾಕುವುದಿಲ್ಲ ಅಂತ ನಿಂತುಬಿಟ್ಟಿತು. 21 ಜನರನ್ನು ಹಿಡಿದು ವಿಚಾರಣೆ ಮಾಡಿದರು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಇಬ್ಬರಿಗೆ ತಲಾ 900 ಛಡಿ ಏಟು. ಉಳಿದ 19 ಜನರಿಗೆ ತಲಾ 500. ಅವರು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ ಮೇಲೆ ಅದನ್ನು ಮಾಫಿ ಮಾಡಿದರು.

ಈ ಹೊತ್ತಿನಲ್ಲೇ ಅಧಿಕಾರಿಗಳು ಒಂದು ಪ್ರಶ್ನೆ ಕೇಳಿದರು, ಅದು ಇವತ್ತಿಗೂ ಮುಗಿದಿಲ್ಲ. ಮೇಲುಜಾತಿಯ ಹಿಂದೂವೊಬ್ಬನನ್ನು, ಸೈಯದ್ ಮನೆತನದ ಮುಸ್ಲಿಮನೊಬ್ಬನನ್ನು ಕರೆದು ಈ ಪೇಟ ಹಾಕಿಕೊಂಡರೆ ನಿಮ್ಮ ಧರ್ಮಕ್ಕೆ ಏನಾದರೂ ಭಂಗ ಇದೆಯೇ ಅಂದರು. ಇಲ್ಲ ಅನ್ನುವ ಉತ್ತರ ಬಂತು. ಅಲ್ಲಿಗೆ ಕಚೇರಿಯ ಮಟ್ಟಿಗೆ ವಿಷಯ ಇತ್ಯರ್ಥ. ಶಾಸ್ತ್ರದಲ್ಲಿ ಅಡ್ಡಿ ಇಲ್ಲ ಅಂದ ಮೇಲೆ ಸಿಪಾಯಿಯದು ಹಟ, ಇಲ್ಲವೇ ಪಿತೂರಿ.

ಸಿಪಾಯಿಗಳು ಹೇಳುತ್ತಿದ್ದುದು ಬೇರೆ. ಇದನ್ನು ಹಾಕಿಕೊಂಡು ಹೋದರೆ ನಮ್ಮವರು ನಮ್ಮನ್ನು ಟೋಪೀವಾಲಾ ಅನ್ನುತ್ತಾರೆ, ಜೊತೆಗೆ ಕೂತು ಉಣ್ಣುವುದಿಲ್ಲ, ಹೆಣ್ಣು ಕೊಡುವುದಿಲ್ಲ ಅನ್ನುವುದು ಅವರ ಅಳಲು. ಪಂಡಿತನಾಗಲೀ ಮೌಲ್ವಿಯಾಗಲೀ ಇದಕ್ಕೆ ಉತ್ತರ ಕೊಡೋಕಾಗಲ್ಲ. ರಜೆಯಲ್ಲಿ ಊರಿಗೆ ಹೋದವನನ್ನು ನೋಡುವ ಕಣ್ಣುಗಳ ಮಾತು ಇದು. ವೀರಗಲ್ಲು ನಿಲ್ಲಿಸಿದ ಊರಿನ ಕಣ್ಣು ಅದು. (ಮೋಸ ಹೋಗುವುದಕ್ಕೆ ನಾವು 'ಟೋಪಿ ಬಿತ್ತು' ಅನ್ನೋದಕ್ಕೂ ಇದಕ್ಕೂ ನಂಟು ಕಟ್ಟುವ ಸಾಹಸ ನಾನು ಮಾಡುವುದಿಲ್ಲ. ಯಾರಾದರೂ ಹಳೆಯ ಪ್ರಯೋಗ ಕೊಟ್ಟರೆ ನೋಡೋಣ.)

ಜೂನ್ ಕೊನೆಯ ಹೊತ್ತಿಗೆ ಕ್ರಾಡಕ್‌ಗೇ ಅಳುಕು ಹುಟ್ಟಿತು, ಸರ್ಕಾರಕ್ಕೆ ಬರೆದ. ಆಜ್ಞೆ ಹೊರಡಿಸಿಯಾಗಿದೆ, ಈಗ ಹಿಂದೆಗೆದರೆ ಶಿಸ್ತು ಕೆಡುತ್ತದೆ ಅನ್ನುವ ಧಾಟಿಯಲ್ಲಿ ಉತ್ತರ. ಮುಸ್ತಫಾ ಬೇಗ್ ಎಂಬ ಸಿಪಾಯಿ ಮುಂಚೆಯೇ ಬಂದು ಸಂಚಿನ ಸುದ್ದಿ ಹೇಳಿದ್ದ. ಅವನಿಗೆ ತಲೆ ಕೆಟ್ಟಿದೆ ಅಂತ ಕೂಡಿಹಾಕಿದರು.

ಜುಲೈ 10ರ ನಸುಕಿನಲ್ಲಿ ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೋಟೆಯಲ್ಲಿದ್ದ 1ನೇ ರೆಜಿಮೆಂಟಿನ 1ನೇ ಪಟಾಲಂ, 23ನೇ ರೆಜಿಮೆಂಟಿನ 2ನೇ ಪಟಾಲಂ ಎದ್ದವು. ಮಲಗಿದ್ದ 69ನೇ ಬ್ರಿಟಿಷ್ ರೆಜಿಮೆಂಟಿನ ನೂರಕ್ಕೂ ಹೆಚ್ಚು ಜನ ಸತ್ತರು, ಕೋಟೆಯ ಮುಖ್ಯಾಧಿಕಾರಿ ಫ್ಯಾನ್‌ಕೋರ್ಟ್ ಸತ್ತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದು ಇದೇ ಕೋಟೆಯಲ್ಲಿ. ಟಿಪ್ಪುವಿನ ಬಾವುಟ ಮೇಲೇರಿತು. ಸುಮಾರು 25 ಕಿ.ಮೀ. ದೂರದ ಆರ್ಕಾಟಿನಿಂದ ಗಿಲೆಸ್ಪಿ ಕುದುರೆ ಪಡೆ ತಂದ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಸತ್ತ ಸಿಪಾಯಿಗಳ ಲೆಕ್ಕ ಒಂದೊಂದು ಕಡೆ ಒಂದೊಂದು. 350ಕ್ಕೆ ಕಡಿಮೆ ಹೇಳುವವರು ಅಪರೂಪ. ಆಮೇಲೆ ವಿಚಾರಣೆ ಮಾಡಿ ಆರು ಜನರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು, ಐವರನ್ನು ಗುಂಡಿಕ್ಕಿ, ಎಂಟು ಜನರನ್ನು ನೇಣಿಗೆ ಹಾಕಿ ಕೊಂದರು.

ಪೇಟ ನೆಪ, ಟಿಪ್ಪುವಿನ ಮಕ್ಕಳ ಸಂಚೇ ನಿಜವಾದ ಕಾರಣ ಅನ್ನುವ ವಾದ ಆಗಲೇ ಹುಟ್ಟಿತು. ಅದರಿಂದ ಮದ್ರಾಸ್ ಕಚೇರಿಗೆ ಅನುಕೂಲವೂ ಇತ್ತು ಅನ್ನಿ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೈದರಾಬಾದಿನ ಪಡೆಯಲ್ಲೂ ಇದೇ ಪೇಟಕ್ಕೆ ಗುಸುಗುಸು ಎದ್ದಿತ್ತು. ಅಲ್ಲಿನ ಮಾಂಟ್ರೆಸರ್ ಆಜ್ಞೆಯನ್ನು ತಡೆಹಿಡಿದ, ಕಾವು ಇಳಿಯಿತು. ರಾಜಕುಮಾರರ ಸಂಚೇ ಎಲ್ಲಕ್ಕೂ ಮೂಲವಾಗಿದ್ದರೆ ಪೇಟ ಬಿಟ್ಟ ಮಾತ್ರಕ್ಕೆ ಕಾವು ಇಳಿಯುತ್ತಿತ್ತೇ? ಹಾಗಂತ ಬಾವುಟವನ್ನು ಮರೆಯುವಂತೆಯೂ ಇಲ್ಲ. ತಲೆಯ ಮೇಲಿನದ್ದನ್ನು ಕಿತ್ತುಕೊಂಡ ಒಡೆಯನನ್ನು ಬಿಟ್ಟವನು ಇನ್ನೊಬ್ಬ ಒಡೆಯನನ್ನು ಹುಡುಕುತ್ತಾನೆ, ಹತ್ತಿರದಲ್ಲೇ ಒಬ್ಬ ಸೆರೆಯಲ್ಲಿದ್ದ. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ನಂದಿದುರ್ಗದ ಪಡೆಯಲ್ಲೂ ದಂಗೆಯ ಭಯ ಹಬ್ಬಿ ಬೆಂಗಳೂರಿನಿಂದ ಕುದುರೆ ಸವಾರರನ್ನು ಕಳಿಸಬೇಕಾಯಿತು. ಆಗ ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿಯಾಗಿತ್ತು.

ಆಜ್ಞೆ ಹೊರಡಿಸಿದ ಕಡೆಯ ಸ್ಥಿತಿಯೂ ಸೋಜಿಗವೇ. ಬ್ರಿಟಿಷ್ ಸೈನ್ಯ ತನ್ನವರ ಹಿಂಜಡೆಯನ್ನು ಪೂರ್ತಿ ಕೈಬಿಟ್ಟದ್ದು 1808ರಲ್ಲಿ. ಸಿಪಾಯಿಯ ಮೀಸೆಗೆ ಅಳತೆ ಹಾಕಿದ ಅದೇ ಸೈನ್ಯ ಆಮೇಲೆ ತಾನೇ ಮೀಸೆಗೆ ಒಲಿಯಿತು. ಮೇಲ್ದುಟಿ ಬೋಳಿಸಲೇಬಾರದು ಅನ್ನುವ ನಿಯಮ ಅವರಲ್ಲಿ ಬಂದು, 1916ರವರೆಗೆ ಇತ್ತು. ಮೊದಲ ಮಹಾಯುದ್ಧದ ನಡುವೆ ತೆಗೆದರು. ನಿಯಮಾವಳಿ ಬರೆಯುವವನಿಗೆ ತನ್ನ ಕಾಲದ ಕನ್ನಡಿ ಶಾಶ್ವತ ಅಂತ ಕಾಣುತ್ತದೇನೋ.

ಧರ್ಮ ಅಡ್ಡ ಬರುತ್ತದೆಯೇ ಅನ್ನುವ ಪ್ರಶ್ನೆ 2016ರಲ್ಲಿ ಸುಪ್ರೀಂ ಕೋರ್ಟಿಗೂ ಬಂತು. ಗಡ್ಡ ಬಿಡಲು ಅನುಮತಿ ಕೇಳಿದ್ದ ವಾಯುಸೇನೆಯ ಮುಸ್ಲಿಂ ಸಿಬ್ಬಂದಿಯ ಪ್ರಕರಣ. ವಾಯುಸೇನೆಯ 1964ರ ನಿಯಮಾವಳಿಯ 425ನೇ ನಿಯಮ ಕೂದಲು ಕತ್ತರಿಸುವುದನ್ನೇ ಧರ್ಮ ನಿಷೇಧಿಸಿರುವವರಿಗೆ ವಿನಾಯಿತಿ ಕೊಡುತ್ತದೆ. ಅರ್ಜಿದಾರರು ಆ ವಿನಾಯಿತಿಗೆ ಒಳಪಡುವುದಿಲ್ಲ ಎಂದು ಡಿಸೆಂಬರ್ 15ರಂದು ತೀರ್ಪಾಯಿತು. ಸಮರೂಪತೆ ಪಡೆಯ ಒಗ್ಗಟ್ಟಿಗೆ ಬೇಕು ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸ್ವಂತ ಇಚ್ಛೆಯಿಂದ ಸೇರುವ ಸ್ವತಂತ್ರ ದೇಶದ ಸೈನ್ಯವನ್ನು ಕಂಪನಿಯ ಸೈನ್ಯದ ಜೊತೆ ತೂಗುವುದೂ ನ್ಯಾಯವಲ್ಲ. ನಮ್ಮ ನೌಕಾಪಡೆಯಲ್ಲಿ ಅನುಮತಿ ಪಡೆದು ಯಾವ ಧರ್ಮದವರೂ ಗಡ್ಡ ಬಿಡಬಹುದು, ಸಿಖ್ಖರ ಪೇಟ ಪಡೆಯ ಹೆಮ್ಮೆಯೇ ಆಗಿದೆ. ಆದರೆ ಪ್ರಶ್ನೆಯ ಆಕಾರ ಗಮನಿಸಿ. ಧರ್ಮ ಒತ್ತಾಯಿಸುತ್ತದೆಯೇ ಎಂದು ಕೇಳುವ ಕಡೆ, ಒಬ್ಬ ತನ್ನವರ ನಡುವೆ ಹೇಗೆ ಕಾಣಬೇಕೆಂದು ಬಯಸುತ್ತಾನೆ ಅನ್ನುವುದಕ್ಕೆ ಕಾಗದದಲ್ಲಿ ಅಂಕಣವೇ ಇರುವುದಿಲ್ಲ.

ವೆಲ್ಲೂರಿಗೆ ಮರಳಿದರೆ, ಪೇಟದ ಆಜ್ಞೆ ಅದೇ ಜುಲೈ ತಿಂಗಳಲ್ಲಿ ರದ್ದಾಯಿತು. ಬೆಂಟಿಂಕ್, ಕ್ರಾಡಕ್ ಇಬ್ಬರನ್ನೂ 1807ರಲ್ಲಿ ಇಂಗ್ಲೆಂಡಿಗೆ ವಾಪಸ್ ಕರೆಸಿಕೊಂಡರು. ಮುಸ್ತಫಾ ಬೇಗ್‌ಗೆ ಎರಡು ಸಾವಿರ ವರಹ ಇನಾಮು, ಸುಬೇದಾರನ ಪಿಂಚಣಿ. ಎದ್ದ ಎರಡು ಪಟಾಲಂಗಳ ನಂಬರನ್ನು ಸೈನ್ಯದ ಪಟ್ಟಿಯಿಂದಲೇ ಅಳಿಸಿದರು. ಹಳೆಯ ಶಾಸನದ ಸಾಲನ್ನು ಉಳಿಯಿಂದ ಕೆತ್ತಿ ತೆಗೆದ ಕಲ್ಲುಗಳನ್ನು ನೋಡಿದ್ದೇವಲ್ಲ, ಹಾಗೆ.

ಕೋಟೆಯೊಳಗೆ ಜಲಕಂಠೇಶ್ವರನ ಗುಡಿ ಇದೆ. ಅದರ ಕಲ್ಯಾಣಮಂಟಪದ ಕಂಬಗಳಲ್ಲಿ ಕುದುರೆ, ಯಾಳಿ ಏರಿದ ಸವಾರರು ಎದ್ದು ನಿಂತಿದ್ದಾರೆ. ಕಂಪನಿಯ ಕಾಲದಲ್ಲಿ ಗುಡಿ ಶಸ್ತ್ರಾಗಾರ. ಇನ್ನು ಬಾಗಿಲ ಬಳಿಯ ಯುರೋಪಿಯನ್ನರ ಹಳೆಯ ಸ್ಮಶಾನದಲ್ಲಿ ಆ ದಿನ ಸತ್ತ ಬ್ರಿಟಿಷರ ಸ್ಮಾರಕವಿದೆ, ಬರೆಹವಿದೆ. ಊರೊಳಗೆ ಸಿಪಾಯಿಗಳ ನೆನಪಿಗೆ ಒಂದು ಸ್ತಂಭ ಬಂದದ್ದು ಬಹಳ ತಡವಾಗಿ, ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ಮೇಲೆ. 2006ರಲ್ಲಿ ಅಂಚೆ ಚೀಟಿ ಬಂತು. ಜಮಾದಾರ ಶೇಖ್ ಖಾಸಿಂನಂಥ ಕೆಲವರ ಹೆಸರು ವಿಚಾರಣೆಯ ಕಾಗದಗಳಲ್ಲಿ ಸಿಗುತ್ತದೆ. ಉಳಿದವರ ತುರುಬು ಯಾವ ಕಡೆಗಿತ್ತು, ಕಿವಿಯಲ್ಲಿ ಏನಿತ್ತು, ಹಣೆಯಲ್ಲಿ ನಾಮವೋ ವಿಭೂತಿಯೋ ಅಂತ ಹೇಳುವ ಕಲ್ಲು ಅಲ್ಲಿಲ್ಲ.